ಯಾದಗಿರಿಯ ಚರಿತ್ರೆಗೆ ಸೈಕಲ್ ದಾರಿ ಬೇಕು

ಕಲ್ಯಾಣ ಕರ್ನಾಟಕದ ಪ್ರವಾಸದ ಪಟ್ಟಿ ಮಾಡುವಾಗ ಯಾದಗಿರಿ ಜಿಲ್ಲೆಯನ್ನು ದಾಟಿ ಮುಂದೆ ಹೋಗುವುದು ರೂಢಿ. ಕಲಬುರಗಿಗೆ ಕೋಟೆ ಮತ್ತು ಬಂದೇನವಾಜರ ದರ್ಗಾ ಇವೆ, ಬೀದರಿಗೆ ಮಹಮೂದ್ ಗವಾನನ ಮದರಸಾ ಇದೆ, ಪಕ್ಕದ ವಿಜಯಪುರಕ್ಕೆ ಗೋಳಗುಮ್ಮಟವೇ ಇದೆ. ನಮ್ಮಲ್ಲಿ ಅಂಥದ್ದೇನಿದೆ ಎಂದು ಜಿಲ್ಲೆಯ ಜನರೇ ಕೇಳುತ್ತಾರೆ. 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದ ಮೇಲೂ ಈ ಕೀಳರಿಮೆ ಹೋಗಿಲ್ಲ. ಹಿಂದುಳಿದ ಜಿಲ್ಲೆಗಳಿಗೆ ಪ್ರವಾಸೋದ್ಯಮದ ಹೆಸರಿನಲ್ಲಿ ಸೂಚಿಸುವ ಮದ್ದೂ ಬಹುತೇಕ ಒಂದೇ: ಎತ್ತರದ ಪ್ರತಿಮೆ, ಬಣ್ಣದ ಕಾರಂಜಿ, ದೊಡ್ಡ ವಾಹನ ನಿಲುಗಡೆ, ಅದರ ಪಕ್ಕದಲ್ಲೊಂದು ಉಪಾಹಾರ ಗೃಹ. ಯಾದಗಿರಿಗೆ ಈ ಮದ್ದು ಒಗ್ಗುವುದಿಲ್ಲ. ಈ ಜಿಲ್ಲೆಯ ಚರಿತ್ರೆ ಒಂದು ದೊಡ್ಡ ಕಟ್ಟಡದೊಳಗೆ ಕೂತಿಲ್ಲ. ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಊರುಗಳ ಸುತ್ತ ಹೊಲಗಳಲ್ಲಿ, ಕೆರೆಗಳ ಏರಿಯ ಮೇಲೆ, ಬೆಟ್ಟಗಳ ನೆತ್ತಿಯಲ್ಲಿ ಚದುರಿಕೊಂಡಿದೆ. ಅದನ್ನು ಕೂಡಿಸಿ ಓದುವುದಕ್ಕೆ ಕಾರು ಹೆಚ್ಚು ವೇಗದ್ದಾಯಿತು, ನಡಿಗೆ ತೀರಾ ನಿಧಾನವಾಯಿತು. ಸೈಕಲ್ಲಿನ ವೇಗವೇ ಸರಿಯಾದದ್ದು. ಆದ್ದರಿಂದ ಜಿಲ್ಲೆಯ ಪ್ರವಾಸದ ಯೋಜನೆಯನ್ನು ಸೈಕಲ್ಲಿನ ಸುತ್ತ ಕಟ್ಟಬೇಕು, ಮತ್ತು ಅದರ ಮೊದಲ ಪ್ರವಾಸಿಗರು ಇದೇ ಜಿಲ್ಲೆಯ ಶಾಲಾ ಮಕ್ಕಳಾಗಬೇಕು ಎಂಬುದು ನನ್ನ ವಾದ.

ಮೊದಲು ನೆಲದ ಮಾತು. ಯಾದಗಿರಿ ಪಟ್ಟಣ ಭೀಮಾ ನದಿಯ ಆಚೆ ದಡದಲ್ಲಿದ್ದರೆ, ಶಹಾಪುರ ಮತ್ತು ಸುರಪುರಗಳು ಭೀಮಾ ಹಾಗೂ ಕೃಷ್ಣಾ ನದಿಗಳ ನಡುವಿನ ಬಯಲಲ್ಲಿವೆ. ಪುರಾತತ್ತ್ವಜ್ಞರು ಈ ಭಾಗವನ್ನು ಶೋರಾಪುರ ದೋಆಬ್ ಎಂದೇ ಕರೆಯುತ್ತಾರೆ. ಎರೆಹೊಲಗಳು ಕಣ್ಣು ಹರಿಯುವಷ್ಟು ದೂರ ಚಪ್ಪಟೆಯಾಗಿ ಹಾಸಿಕೊಂಡಿವೆ; ನಡುನಡುವೆ ಮಾತ್ರ ಬಂಡೆಗಲ್ಲಿನ ಗುಡ್ಡಗಳು ಒಮ್ಮೆಲೇ ಎದ್ದು ನಿಲ್ಲುತ್ತವೆ. ಮೂರೂ ಊರುಗಳು ಇಂಥ ಗುಡ್ಡಗಳನ್ನು ಆಸರೆಯಾಗಿ ಹಿಡಿದೇ ಬೆಳೆದವು, ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡವು. ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರಕ್ಕೆ ಸುಮಾರು 35 ಕಿಲೊಮೀಟರ್. ಶಹಾಪುರದಿಂದ ಸುರಪುರಕ್ಕೆ ಸುಮಾರು 25. ನಡುವೆ ಘಟ್ಟವಿಲ್ಲ, ಉಸಿರು ಕಟ್ಟಿಸುವ ದಿಣ್ಣೆಯಿಲ್ಲ. ಸುರಪುರ ಊರೊಳಗಿನ ಏರಿಳಿತವೊಂದನ್ನು ಬಿಟ್ಟರೆ ಸಾಧಾರಣ ಆರೋಗ್ಯದ ಯಾರೇ ಆದರೂ ಬೆಳಗಿನ ಹೊತ್ತಿನಲ್ಲಿ ಒಂದು ಊರಿನಿಂದ ಇನ್ನೊಂದು ಊರು ಮುಟ್ಟಬಹುದು. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿರುವ ಯಾದಗಿರಿ ನಿಲ್ದಾಣಕ್ಕೆ ಬೆಂಗಳೂರಿನಿಂದಲೂ ನೇರ ರೈಲುಗಳಿವೆ. ರೈಲಿನಿಂದಿಳಿದು ಪೆಡಲ್ ತುಳಿದು ಹೊರಡಲು ಇಷ್ಟು ಅನುಕೂಲವಾದ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಮಲೆನಾಡಿನ ತಿರುವುಗಳಲ್ಲಿ ಸೈಕಲ್ ತುಳಿಯುವುದು ಗಟ್ಟಿಗರ ಸಾಹಸ. ಇಲ್ಲಿ ಅದು ಎಂದಿನ ಓಡಾಟ.

ಈ ಬಯಲಿನಲ್ಲಿ ಏನು ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ಹೊಲದಿಂದ ಹೊಲಕ್ಕೆ ಅಲೆದು ಆದಿಮಾನವನ ಕಲ್ಲಾಯುಧಗಳ ನೆಲೆಗಳನ್ನು ಗುರುತಿಸಿದರು. ಅದೇ ಕಣಿವೆಯ ಇಸಾಂಪುರದಲ್ಲಿ ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು; ವೈಜ್ಞಾನಿಕ ಕಾಲನಿರ್ಣಯ ಅದನ್ನು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಒಯ್ದಿದೆ. ಕೊಡೇಕಲ್ ಮತ್ತು ಬೂದಿಹಾಳಗಳಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬಗಳಿವೆ: ಸೆಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದರಿಂದ ಆದ ದಿಬ್ಬಗಳು, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹಟ್ಟಿಗಳ ಕುರುಹು. ರಾಜನಕೋಳೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಉಂಡೆಗಲ್ಲುಗಳನ್ನು ಸಮಾನ ಅಂತರದಲ್ಲಿ ಸಾಲು ಸಾಲಾಗಿ ಇಟ್ಟಿದ್ದಾರೆ. ಈ ಕಲ್ಲಸಾಲನ್ನು ಕೊಂಚ ಹತ್ತಿರದಿಂದ ನೋಡಬೇಕು. ರಸ್ತೆಯ ಮೇಲಿಂದ ಕಣ್ಣು ಹಾಯಿಸಿದರೆ ಅವು ಎಲ್ಲ ಮಡ್ಡಿ ನೆಲದಲ್ಲೂ ಕಾಣುವ ಚೆಲ್ಲಾಪಿಲ್ಲಿ ಬಂಡೆಗಳು. ಇಳಿದು, ಒಂದು ಕಲ್ಲಿನ ಹಿಂದೆ ನಿಂತು ಎದುರಿನ ಕಲ್ಲಿಗೆ ಕಣ್ಣು ನೆಟ್ಟರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಾಲ್ಕು ಹೆಜ್ಜೆ ಸರಿದರೆ ಸಾಲು ಮುರಿದು ಓರೆಯಾಗಿ ಬೇರೊಂದು ಸಾಲು ಮೂಡುತ್ತದೆ. ಯಾರು, ಯಾವುದಕ್ಕಾಗಿ ಇಟ್ಟರು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್, 20ನೇ ಶತಮಾನದಲ್ಲಿ ಎಫ್.ಆರ್. ಆಲ್ಚಿನ್ ಇಂಥ ಕಲ್ಲಸಾಲುಗಳ ಬಗ್ಗೆ ಬರೆದರು. ಕಾರಿನ ಕಿಟಕಿಯಿಂದ ಇದನ್ನು ನೋಡಿದ್ದೇವೆ ಎನ್ನುವವರು ನಿಜವಾಗಿ ನೋಡಿಲ್ಲ.

ಲಿಖಿತ ಚರಿತ್ರೆಗೆ ಬಂದರೂ ಇದೇ ಚದುರಿದ ಸ್ವಭಾವ. ಭೀಮಾ ತೀರದಲ್ಲಿ, ಜಿಲ್ಲೆಯ ಗಡಿಯಾಚೆಗೇ ಇರುವ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ದೊರೆಯಿತು. ನದಿಯ ಈಚೆಗೆ ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಹಳೆಯ ಗುಡಿಗಳ ದೊಡ್ಡ ಗುಂಪಿದೆ. ಗೋಗಿಯಲ್ಲಿ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾಹನ ಸಮಾಧಿಯಿದೆ; ಅವನ ನಂತರದ ಮೊದಲ ಸುಲ್ತಾನರೂ ಅಲ್ಲೇ ಮಣ್ಣಾದರು. ವಿಜಯಪುರದ ಗುಮ್ಮಟದ ಕೆಳಗೆ ಗುಂಪುಗೂಡುವವರಲ್ಲಿ ಎಷ್ಟು ಮಂದಿಗೆ ಆ ವಂಶದ ಮೊದಲ ಗೋರಿಗಳು ಶಹಾಪುರ ತಾಲ್ಲೂಕಿನ ಒಂದು ಊರಿನಲ್ಲಿವೆ ಎಂಬುದು ತಿಳಿದಿದೆ? ಸುರಪುರದ ಸಮೀಪದ ವಾಗಣಗೇರಾ ಕೋಟೆಯನ್ನು ಮುತ್ತಲು 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದಿದ್ದ. ಬೇಡ ನಾಯಕರ ಮೇಲಿನ ಆ ಮುತ್ತಿಗೆ ಅವನ ಬದುಕಿನ ಕೊನೆಯ ದೊಡ್ಡ ದಂಡಯಾತ್ರೆಯಾಯಿತು, ಎರಡು ವರ್ಷಕ್ಕೆ ಅವನು ತೀರಿಕೊಂಡ. ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ನಿಂತ. ಆ ದೊರೆಯ ಎಳವೆಯಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ನಾಯಕರ ಕಾಲದ ಬೋನಾಳ ಕೆರೆ ಈಗ ಪಕ್ಷಿಧಾಮ. ತಿಂಥಣಿಯಲ್ಲಿ ಕೃಷ್ಣೆಯ ದಡದ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಒಂದೊಂದನ್ನೂ ಬಿಡಿಯಾಗಿ ತೆಗೆದುಕೊಂಡರೆ ಅರ್ಧ ಗಂಟೆಯ ನೋಟ. ಇವುಗಳ ಬೆಲೆ ಇರುವುದು ನಂಟಿನಲ್ಲಿ: ನೀರಿಗೂ ಕೋಟೆಗೂ, ಗುಡ್ಡಕ್ಕೂ ಹೊಲಕ್ಕೂ, ದನ ಕಟ್ಟಿದ ಹಟ್ಟಿಗೂ ದಂಡು ಇಳಿದ ಬಯಲಿಗೂ ಇರುವ ನಂಟಿನಲ್ಲಿ. ಆ ನಂಟು ಎರಡು ನೆಲೆಗಳ ನಡುವಿನ ದಾರಿಯಲ್ಲಿದೆ. ಕಾರು ಬಿಟ್ಟುಕೊಡುವುದು ಆ ದಾರಿಯನ್ನೇ.

ಶಹಾಪುರದ ಮಲಗಿದ ಬುದ್ಧನನ್ನೇ ತೆಗೆದುಕೊಳ್ಳಿ. ಅದು ಯಾರೂ ಕಡೆದ ಮೂರ್ತಿಯಲ್ಲ. ಗುಡ್ಡಗಳ ಸಾಲು ದೂರದಿಂದ ಒಂದು ದಿಕ್ಕಿನಲ್ಲಿ ಹಣೆ, ಮೂಗು, ಎದೆ, ಮಡಿಸಿಟ್ಟ ಕೈಗಳಾಗಿ ಕೂಡಿಬರುತ್ತದೆ. ಕಾರಿನವರು ಒಂದು ಜಾಗದಲ್ಲಿ ನಿಲ್ಲಿಸಿ ಫೋಟೊ ತೆಗೆದು ಹೊರಟುಬಿಡುತ್ತಾರೆ. ಸೈಕಲ್ ತುಳಿಯುವವನಿಗೆ ಆ ಮುಖ ಕಿಲೊಮೀಟರುಗಟ್ಟಲೆ ಜೊತೆಗಿರುತ್ತದೆ: ಬರಿಯ ಬಂಡೆಗಳ ಗುಂಪಾಗಿದ್ದದ್ದು ಮೆಲ್ಲಗೆ ಮುಖವಾಗುತ್ತದೆ, ದಾರಿ ತಿರುಗಿದಂತೆ ಮತ್ತೆ ಬಂಡೆಗಳಾಗಿ ಚದುರುತ್ತದೆ. ವರ್ತಮಾನದ ಚರಿತ್ರೆಯೂ ಇದೇ ವೇಗದಲ್ಲಿ ಕಾಣುತ್ತದೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು, ಅಂದರೆ ಬಸವಸಾಗರ, ಮುಗಿದ ಮೇಲೆ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಸುರಪುರ, ಶಹಾಪುರ ತಾಲ್ಲೂಕುಗಳ ಬಾಳನ್ನೇ ಬದಲಿಸಿದವು. ಕಾಲುವೆಯ ಒಂದು ಬದಿಗೆ ಗದ್ದೆಯ ತಂಪುಗಾಳಿ, ಭತ್ತದ ಹಸಿರು. ಇನ್ನೊಂದು ಬದಿಗೆ, ನೀರು ಹತ್ತದ ಹೊಲಗಳಲ್ಲಿ ಜೋಳ, ತೊಗರಿ, ಹತ್ತಿ. ಅತಿಯಾಗಿ ನೀರುಂಡ ನೆಲ ಅಲ್ಲಲ್ಲಿ ಸವಳಾಗಿ ಬೆಳ್ಳಗೆ ಹೊಳೆಯುತ್ತದೆ. ಕಾಲುವೆಯ ಕೊನೆ ಭಾಗದ ರೈತರ ಗೋಳು, ವಾರಾಬಂದಿಯ ಜಗಳ, ನೀರು ಸಿಗದ ತಾಂಡಾಗಳಿಂದ ಗುಳೆ ಹೋಗುವ ಕುಟುಂಬಗಳು ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲ. ಆದರೆ ಒಂದು ನಾಡನ್ನು ಅರಿಯಲು ಹೊರಟವರು ಕೋಟೆಯಷ್ಟೇ ಗಮನವಿಟ್ಟು ನೋಡಬೇಕಾದದ್ದು ಇದನ್ನು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ನೀರಿನ ಆಸೆಗೆ ಇಲ್ಲಿ ಹಟ್ಟಿ ಹಾಕಿದರು, ನಾಯಕರು ಕೆರೆ ಕಟ್ಟಿದರು, ಸರಕಾರ ಕಾಲುವೆ ತೋಡಿತು. ಬರಗಾಲದ ಅಂಜಿಕೆ ಎಲ್ಲರ ಬೆನ್ನಿಗೂ ಇತ್ತು.

ಇದಕ್ಕೆ ಹೊಸ ರಸ್ತೆ ಬೇಕಿಲ್ಲ ಎಂಬುದು ನನ್ನ ವಾದದ ಬಲವಾದ ಆಧಾರ. ಕಾಲುವೆಗಳ ಉಸ್ತುವಾರಿಗೆಂದು ಅವುಗಳ ದಂಡೆಯುದ್ದಕ್ಕೂ ದಾರಿಗಳಿವೆ. ನಾರಾಯಣಪುರ ಎಡದಂಡೆಯ ಮುಖ್ಯ ಕಾಲುವೆಯೊಂದೇ ಸುಮಾರು 78 ಕಿಲೊಮೀಟರ್ ಉದ್ದವಿದೆ. ಕಾಲುವೆ ಹರಿಯುವುದೇ ನೆಲದ ಮಟ್ಟ ಹಿಡಿದು; ಆದ್ದರಿಂದ ಅದರ ದಂಡೆಯ ದಾರಿಯೂ ಸೈಕಲ್ಲಿಗೆ ಹೇಳಿ ಮಾಡಿಸಿದಷ್ಟು ಸಮ. ಹಳ್ಳಿಯಿಂದ ಹಳ್ಳಿಗೆ ಗ್ರಾಮ ಸಡಕ್ ಯೋಜನೆಯ ಡಾಂಬರು ಬಂದಿದೆ. ಹೊಲಗಳ ನಡುವೆ ಹಳೆಯ ಬಂಡಿ ದಾರಿಗಳಿವೆ. ಇಲ್ಲದಿರುವುದು ಗುರುತು. ಯಾವ ದಾರಿ ಎಲ್ಲಿಗೆ, ಎಷ್ಟು ದೂರ, ಕುಡಿಯುವ ನೀರು ಎಲ್ಲಿ, ಪಂಕ್ಚರ್ ಹಾಕುವವರು ಯಾವ ಊರಲ್ಲಿ ಎಂದು ಹೇಳುವ ಫಲಕವಿಲ್ಲ. ಬೆಲ್ಜಿಯಂ ದೇಶದ ಲಿಂಬುರ್ಗ್ ಪ್ರಾಂತ ಈ ಕೊರತೆಯನ್ನು ಬಹಳ ಸರಳವಾಗಿ ನೀಗಿಸಿತು. ಕಲ್ಲಿದ್ದಲು ಗಣಿಗಳು ಮುಚ್ಚಿ ಕಂಗಾಲಾಗಿದ್ದ ಆ ಸೀಮೆಯಲ್ಲಿ ಹ್ಯೂಗೊ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್, ದಾರಿಗಳು ಕೂಡುವ ಪ್ರತಿ ಜಾಗಕ್ಕೂ ಒಂದೊಂದು ಅಂಕಿ ಕೊಟ್ಟು ಫಲಕ ನೆಡುವ ಉಪಾಯ ಹೂಡಿದ. 1995ರಲ್ಲಿ ಅಲ್ಲಿ ಶುರುವಾದ ಈ ಪದ್ಧತಿ ಇಡೀ ನೆದರ್ಲೆಂಡ್ಸಿಗೂ ಜರ್ಮನಿಯ ಕೆಲವು ಭಾಗಗಳಿಗೂ ಹಬ್ಬಿತು. ನಾಲ್ಕಾರು ಅಂಕಿ ಬರೆದಿಟ್ಟುಕೊಂಡರೆ ಸಾಕು, ಭಾಷೆ ಗೊತ್ತಿಲ್ಲದವರೂ ದಿನವಿಡೀ ಸುತ್ತಿ ಹೊರಟಲ್ಲಿಗೇ ಮರಳಬಹುದು. ಆ ಪ್ರಾಂತ ಮೊದಲು ಮಾಡಿದ್ದು ಇದ್ದ ದಾರಿಗಳನ್ನು ಪೋಣಿಸಿ ಫಲಕ ನೆಟ್ಟ ಕೆಲಸ. ಗಣಿ ಕಳೆದುಕೊಂಡ ಸೀಮೆಗೆ ಸಾಧ್ಯವಾದದ್ದು ಕಾಲುವೆ, ಕೆರೆ, ಕೋಟೆ ಎಲ್ಲ ಇರುವ ಯಾದಗಿರಿಗೆ ಏಕೆ ಸಾಧ್ಯವಿಲ್ಲ?

ಹಾಗಾದರೆ ಈ ದಾರಿಗಳಲ್ಲಿ ಮೊದಲು ಓಡಾಡಬೇಕಾದವರು ಯಾರು? ಬೆಂಗಳೂರಿನಿಂದ ಬೆಲೆಬಾಳುವ ಗೇರ್ ಸೈಕಲ್ ತರುವವರು ಬರಲಿ, ಸ್ವಾಗತವಿದೆ. ಆದರೆ ಅವರನ್ನೇ ನಂಬಿ ಯೋಜನೆ ಕಟ್ಟಬಾರದು. 2011ರ ಜನಗಣತಿಯಂತೆ ಯಾದಗಿರಿಯ ಜನಸಂಖ್ಯೆ 11.74 ಲಕ್ಷ, ಸಾಕ್ಷರತೆ ಶೇ 52ರ ಆಸುಪಾಸು, ಅಂದರೆ ರಾಜ್ಯದಲ್ಲೇ ಅತಿ ಕಡಿಮೆ. ಇಂಥ ಜಿಲ್ಲೆಯಲ್ಲಿ ಸೈಕಲ್ ಮತ್ತು ಶಾಲೆಯ ಸಂಬಂಧ ಬಹಳ ಗಟ್ಟಿಯಾದದ್ದು. ಬಿಹಾರ ಸರಕಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡಲು ತೊಡಗಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಅಳೆದಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ತಮಿಳುನಾಡಿನ ಬರಡು ಜಿಲ್ಲೆ ಪುದುಕ್ಕೋಟೈಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು; ಅಕ್ಷರ ಕಲಿಯುವುದೂ ಪೆಡಲ್ ತುಳಿಯುವುದೂ ಒಂದೇ ಬಿಡುಗಡೆಯ ಎರಡು ಭಾಗಗಳಾದವು. ನಮ್ಮ ರಾಜ್ಯವೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು. ಅದನ್ನು ಎಲ್ಲಕ್ಕಿಂತ ಮೊದಲು ಯಾದಗಿರಿಯಲ್ಲಿ ಮತ್ತೆ ಆರಂಭಿಸಬೇಕು ಮತ್ತು ಪಠ್ಯದ ಜೊತೆ ಬೆಸೆಯಬೇಕು. ಅಶೋಕನ ಪಾಠವನ್ನು ಪುಸ್ತಕದಲ್ಲಿ ಓದುವ ಮಗುವಿಗೆ ಅವನ ಶಾಸನ ಸಿಕ್ಕ ಊರು ಭೀಮೆಯ ಆಚೆಗೇ ಇದೆ ಎಂದು ತಿಳಿಯಬೇಡವೇ? ಶಿಲಾಯುಗದ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸುವ ಹುಣಸಗಿಯ ಹುಡುಗಿಗೆ ತನ್ನ ಊರಿನ ಹೆಸರು ಜಗತ್ತಿನ ಪುರಾತತ್ತ್ವ ಗ್ರಂಥಗಳಲ್ಲಿದೆ ಎಂದು ಯಾರು ಹೇಳಬೇಕು? ತನ್ನ ಊರಲ್ಲಿ ಏನೂ ಇಲ್ಲ ಎಂದು ನಂಬಿ ಬೆಳೆದವರೇ ನಾಳೆ ಕಲ್ಲು ಒಡೆದು ಮಾರಿದರೂ ನೋಡಿ ಸುಮ್ಮನಿರುತ್ತಾರೆ.

ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಸೈಕಲ್ ತುಳಿಯಿರಿ ಎನ್ನುವುದು ಕ್ರೂರವಲ್ಲವೇ ಎಂದು ಕೇಳಬಹುದು. ಬೇಸಿಗೆಯ ಮಧ್ಯಾಹ್ನ ತುಳಿಯಿರಿ ಎಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಆ ಮಧ್ಯಾಹ್ನ ಕಾರಿನಲ್ಲಿ ಬಂದವರೂ ಯಾದಗಿರಿ ಕೋಟೆಯ ಮೆಟ್ಟಿಲು ಹತ್ತಲಾರರು. ಇಲ್ಲಿನ ಪ್ರವಾಸದ ಕಾಲವೇ ನವೆಂಬರಿನಿಂದ ಫೆಬ್ರುವರಿ: ಜೋಳ ತೆನೆಗಟ್ಟುವ, ಬೋನಾಳಕ್ಕೆ ವಲಸೆ ಹಕ್ಕಿಗಳು ಇಳಿಯುವ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಕೂಡುವ ತಿಂಗಳುಗಳು. ಹೊಲಕ್ಕೆ ಹೋಗುವವರು ಸೂರ್ಯ ಏರುವ ಮುಂಚೆ ಹೊರಟು ಬಿಸಿಲೇರುವ ಹೊತ್ತಿಗೆ ನೆರಳು ಹಿಡಿಯುವುದು ಈ ಸೀಮೆಯ ಹಳೆಯ ಶಿಸ್ತು. ಸೈಕಲ್ ಪ್ರವಾಸವೂ ಅದೇ ಶಿಸ್ತಿಗೆ ಒಳಪಟ್ಟರೆ ಸಾಕು. ಬಿಸಿಲಿಗಿಂತ ಹೆಚ್ಚು ಕಾಡುವ ಸಂಗತಿಗಳು ಎರಡಿವೆ. ಒಂದು, ಮಳೆ ಬಿದ್ದ ಎರೆಮಣ್ಣು: ಅದು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಿಡಿದು, ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗದಂತೆ ಹಿಡಿದು ನಿಲ್ಲಿಸುತ್ತದೆ; ಆಮೇಲೆ ಕಡ್ಡಿ ಹಿಡಿದು ಕೆರೆಯುವುದು, ಇಲ್ಲವೇ ಸೈಕಲ್ಲನ್ನೇ ಹೆಗಲಿಗೇರಿಸುವುದು. ಇನ್ನೊಂದು, ಕಾಲುವೆ ದಂಡೆ ಮತ್ತು ಹಳ್ಳದ ಬದಿಯನ್ನೆಲ್ಲ ಆವರಿಸಿಕೊಂಡ ಬಳ್ಳಾರಿ ಜಾಲಿ, ಅದರ ಮುಳ್ಳು ಟಯರಿಗೆ ವೈರಿ. ಎರಡಕ್ಕೂ ಮದ್ದಿದೆ: ಗುರುತಿಸಿದ ದಾರಿಗಳಿಗೆ ಗರಸು ಹಾಸುವುದು, ಜಾಲಿ ಕಡಿದು ಬೇವು, ಹೊಂಗೆ ನೆಡುವುದು. ಉದ್ಯೋಗ ಖಾತರಿಯಂಥ ಕೂಲಿ ಕೆಲಸಕ್ಕೆ ಇದಕ್ಕಿಂತ ಉಪಯುಕ್ತ ಕಾಮಗಾರಿ ಯಾವುದಿದೆ? ಆ ನೆರಳು ಪ್ರವಾಸಿಗಿಂತ ಮೊದಲು ಹೊಲಕ್ಕೆ ಹೋಗುವವರ ತಲೆಯ ಮೇಲೆ ಬೀಳುತ್ತದೆ.

ಎರಡನೆಯ ಆಕ್ಷೇಪ ಸುರಕ್ಷತೆಯದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2022ರಲ್ಲಿ ದೇಶದ ರಸ್ತೆಗಳ ಮೇಲೆ 1.68 ಲಕ್ಷ ಜನ ಸತ್ತರು. ಜೇವರ್ಗಿಯಿಂದ ಶಹಾಪುರ, ಸುರಪುರ ಹಾಯ್ದು ಲಿಂಗಸುಗೂರಿನತ್ತ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮಕ್ಕಳನ್ನು ಸೈಕಲ್ ಹತ್ತಿಸಿ ಕಳಿಸಬೇಕೆಂದು ಯಾರೂ ಬಯಸಲಾರರು. ಗುರುತಿಸಿದ ಸೈಕಲ್ ದಾರಿ ಬೇಕೆನ್ನುವುದೇ ಈ ಕಾರಣಕ್ಕೆ: ಹೆದ್ದಾರಿಯನ್ನು ಬಿಟ್ಟು, ಹಳ್ಳಿಯ ರಸ್ತೆ ಮತ್ತು ಕಾಲುವೆ ದಂಡೆ ಹಿಡಿದು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಂತಿರಬೇಕು. ಹೆದ್ದಾರಿಯನ್ನು ದಾಟಲೇಬೇಕಾದ ಕಡೆ ವೇಗ ತಡೆ, ದೀಪ, ಅಗಲವಾದ ಅಂಚು ಕಡ್ಡಾಯವಾಗಲಿ. ತುಂಬಿ ಹರಿಯುವ ಕಾಲುವೆಯ ತಿರುವುಗಳಲ್ಲಿ ತಡೆಗೋಡೆ ಇರಲಿ; ದಂಡೆಯ ದಾರಿಗಳು ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿರುವುದರಿಂದ ಅದರ ಒಪ್ಪಿಗೆಯೂ ಹೊಣೆಯೂ ಬೇಕು. ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆಯನ್ನು ಎತ್ತುವವರಿಗೆ ನನ್ನ ಉತ್ತರ ಸ್ಪಷ್ಟ: ನಿರ್ಜನ ದಾರಿ ಅಪಾಯದ್ದು, ಜನ ಓಡಾಡುವ ದಾರಿ ಅಲ್ಲ. ಹತ್ತು ಹುಡುಗಿಯರು ಕೂಡಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ದಾರಿ ಹನ್ನೊಂದನೆಯವಳಿಗೂ ನಿರ್ಭಯವಾಗುತ್ತದೆ. ಶಕ್ತಿ ಯೋಜನೆಯಿಂದ 2023ರಿಂದ ಹೆಂಗಸರಿಗೆ ಬಸ್ಸು ಉಚಿತವಾಗಿರುವಾಗ ಸೈಕಲ್ ಏಕೆ ಎನ್ನುವವರೂ ಇದ್ದಾರೆ. ಬಸ್ಸು ಹೋಗುವ ಊರಿಗೆ ಬಸ್ಸೇ ಸರಿ. ಬಸ್ಸು ನಿಲ್ಲುವ ಕ್ರಾಸಿನಿಂದ ಊರಿನ ಅಗಸಿಯವರೆಗೆ, ಊರಿನಿಂದ ಬೂದಿದಿಬ್ಬದ ಹೊಲದವರೆಗೆ ಇರುವ ಮೂರು ನಾಲ್ಕು ಕಿಲೊಮೀಟರುಗಳಿಗೆ ಬಸ್ಸು ಇಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಕುಡಿಯುವ ನೀರು, ಆಸ್ಪತ್ರೆ, ಶಿಕ್ಷಕರ ಕೊರತೆಗಳಿರುವ, ಕೇಂದ್ರ ಸರಕಾರ 2018ರಲ್ಲಿ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿಸಿದ ಯಾದಗಿರಿಗೆ ಸೈಕಲ್ ದಾರಿಯ ಶೋಕಿ ಬೇಕೇ ಎಂಬ ಪ್ರಶ್ನೆ ಅದು. ನೀರು ಮೊದಲೋ ಫಲಕ ಮೊದಲೋ ಎಂದರೆ ನೀರೇ ಮೊದಲು, ಅನುಮಾನವಿಲ್ಲ. ಆದರೆ ಪ್ರವಾಸೋದ್ಯಮಕ್ಕೆಂದು ತೆಗೆದಿಡುವ ಹಣ ಹೇಗೂ ಖರ್ಚಾಗುತ್ತದೆ. ಅದು ಬೇಲಿಯೊಳಗಿನ ಉದ್ಯಾನಕ್ಕೆ ಹೋಗಬೇಕೋ, ಹತ್ತಾರು ಹಳ್ಳಿಗಳ ಮಕ್ಕಳೂ ರೈತರೂ ದಿನವೂ ಬಳಸುವ ದಾರಿಗೆ ಹೋಗಬೇಕೋ ಎಂಬುದಷ್ಟೇ ಆಯ್ಕೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ಸಣ್ಣ ಪಾಲೊಂದು ಇದಕ್ಕೆ ಸಾಕು. ಜೊತೆಗೆ ಒಂದು ಮಾನಸಿಕ ಅಡ್ಡಿಯೂ ಇದೆ. ಬೈಕು ಕೊಂಡವನು ಏಳಿಗೆಯಾದವನು, ಸೈಕಲ್ಲಿನಲ್ಲಿ ಉಳಿದವನು ಸೋತವನು ಎಂಬ ಭಾವನೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ ಅಂಗಡಿಗಳು ಒಂದೊಂದಾಗಿ ಮುಚ್ಚಿಹೋದದ್ದು ಇದೇ ಕಾರಣಕ್ಕೆ. ಬೈಕಿನ ಅನುಕೂಲವನ್ನು ಯಾರಿಂದಲೂ ಕಸಿಯಬೇಕಿಲ್ಲ. ಆದರೆ ಪೆಟ್ರೋಲಿಗೆ ಕಾಸಿಲ್ಲದ ಮನೆಯ ಮಗುವೂ ತನ್ನ ಜಿಲ್ಲೆಯನ್ನು ನೋಡಬೇಕು. ಆ ಮಗುವಿನ ವಾಹನಕ್ಕೆ ಸರಕಾರವೇ ಮರ್ಯಾದೆ ಕೊಟ್ಟು ದಾರಿ ಮಾಡಿದರೆ ಊರೂ ಮರ್ಯಾದೆ ಕೊಡುತ್ತದೆ. 2017ರಲ್ಲಿ ಮೈಸೂರು ಟ್ರಿಣ್ ಟ್ರಿಣ್ ಹೆಸರಿನಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ ತಂದಾಗ ಓದಿದವರೂ ಉದ್ಯೋಗಿಗಳೂ ಅದನ್ನು ಹತ್ತಲು ನಾಚಲಿಲ್ಲ.

ಇನ್ನೊಂದು ಅಳುಕು ಪುರಾತತ್ತ್ವದ ಬಗ್ಗೆ ಕಾಳಜಿ ಇರುವವರದು: ಜನ ಬಂದರೆ ನೆಲೆಗಳು ಹಾಳಾಗುವುದಿಲ್ಲವೇ? ಇಂದು ಅವು ಹಾಳಾಗುತ್ತಿರುವುದು ಜನ ಬಾರದೇ ಇರುವುದರಿಂದ. ದಕ್ಷಿಣ ಭಾರತದ ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕೆಂದು ಬಂಡಿಗಟ್ಟಲೆ ಹೊತ್ತೊಯ್ದಿದ್ದಾರೆ. ನೀರಾವರಿಗೆ ಹೊಲ ಸಮತಟ್ಟು ಮಾಡುವ ಯಂತ್ರಕ್ಕೆ ಕೈಗೊಡಲಿಯೂ ಒಂದೇ, ಬೆಣಚುಕಲ್ಲೂ ಒಂದೇ. ನಿಧಿಯ ಆಸೆಗೆ ಹಾಳುಗುಡಿಗಳನ್ನು ಅಗೆಯುವವರು ಕಣ್ಣಿಲ್ಲದ ಜಾಗವನ್ನೇ ಹುಡುಕುತ್ತಾರೆ. ರೈತನನ್ನು ಇಲ್ಲಿ ದೂರುವಂತಿಲ್ಲ. ತನ್ನ ಹೊಲದ ಕಲ್ಲಿಗೆ ಲಕ್ಷಾಂತರ ವರ್ಷದ ಕಥೆಯಿದೆ ಎಂದು ಅವನಿಗೆ ಹೇಳಿದವರೇ ಇಲ್ಲ. ವಾರಕ್ಕೊಂದು ಸಲ ಶಾಲೆಯ ಮಕ್ಕಳು ಸೈಕಲ್ ನಿಲ್ಲಿಸಿ ನೋಡಿ ಹೋಗುವ ಕಲ್ಲಸಾಲಿಗೆ ಊರೇ ಕಾವಲಾಗುತ್ತದೆ. ಬಸ್ಸುಗಟ್ಟಲೆ ಜನ ಒಮ್ಮೆಲೇ ಇಳಿದು, ತಟ್ಟೆ ಬಾಟಲಿ ಎಸೆದು ಹೋಗುವ ಪ್ರವಾಸಕ್ಕೂ, ಹತ್ತು ಹನ್ನೆರಡು ಮಂದಿ ಬೆವರು ಸುರಿಸಿ ಬಂದು, ಊರಿನ ಹೋಟೆಲಿನಲ್ಲಿ ಚಹಾ ಕುಡಿದು, ಮಂಡಕ್ಕಿ ಮೆದ್ದು ಹೋಗುವ ಪ್ರವಾಸಕ್ಕೂ ನೆಲೆಗಳ ಮೇಲಿನ ಒತ್ತಡದಲ್ಲಿ ಅಜಗಜಾಂತರವಿದೆ. ಕಾರಿನವರ ಹಣ ಜಿಲ್ಲಾ ಕೇಂದ್ರದ ಲಾಡ್ಜಿಗೆ ಸೇರುತ್ತದೆ. ಸೈಕಲ್ಲಿನವರ ಹಣ ದಾರಿಯ ಹಳ್ಳಿಗಳಲ್ಲಿ ಹಂಚಿಹೋಗುತ್ತದೆ, ಏಕೆಂದರೆ ಅವರಿಗೆ ದಾರಿಯುದ್ದಕ್ಕೂ ಹಸಿವಾಗುತ್ತದೆ, ಬಾಯಾರುತ್ತದೆ.

ಹಾಗಾಗಿ ಜಿಲ್ಲಾಡಳಿತದ ಮುಂದಿಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಮೂರು ಊರುಗಳಿಂದ ಮೂರು ಸುತ್ತುಗಳು: ಯಾದಗಿರಿ ರೈಲು ನಿಲ್ದಾಣದಿಂದ ಕೋಟೆ, ಭೀಮಾ ತೀರ ಮತ್ತು ನದಿಬದಿಯ ಹಳ್ಳಿಗಳು, ಶಹಾಪುರದಿಂದ ಮಲಗಿದ ಬುದ್ಧನ ಗುಡ್ಡ, ವಿಭೂತಿಹಳ್ಳಿ, ಗೋಗಿ, ಶಿರವಾಳ, ಸುರಪುರದಿಂದ ವಾಗಣಗೇರಾ, ಬೋನಾಳ ಮತ್ತು ಕಾಲುವೆ ದಂಡೆ ಹಿಡಿದು ಹುಣಸಗಿ, ಕೊಡೇಕಲ್ಲಿನ ಶಿಲಾಯುಗದ ನೆಲ. ಪ್ರತಿ ಕೂಡುದಾರಿಗೆ ಅಂಕಿಯ ಫಲಕ, ಪ್ರತಿ ನೆಲೆಗೆ ಆ ಊರಿನ ಶಾಲೆಯವರೇ ಶಿಕ್ಷಕರ ನೆರವಿನಿಂದ ಸರಳ ಕನ್ನಡದಲ್ಲಿ ಬರೆದ ವಿವರ. ನಿಲ್ದಾಣದಲ್ಲಿ, ಮೂರೂ ಬಸ್ ನಿಲ್ದಾಣಗಳಲ್ಲಿ ಬಾಡಿಗೆ ಸೈಕಲ್. ನಡೆಸುವ ಹೊಣೆ ಮಹಿಳಾ ಸ್ವಸಹಾಯ ಸಂಘಗಳಿಗೆ. ಎಂಟನೇ ತರಗತಿಗೆ ಮತ್ತೆ ಸೈಕಲ್, ವರ್ಷಕ್ಕೆ ಕನಿಷ್ಠ ಒಮ್ಮೆ ಶಾಲೆಯಿಂದಲೇ ಸೈಕಲ್ಲಿನಲ್ಲಿ ಚರಿತ್ರೆಯ ಸುತ್ತಾಟ. ಇಷ್ಟಕ್ಕೆ ಭೂಸ್ವಾಧೀನ ಬೇಡ, ವಿದೇಶಿ ಸಲಹೆಗಾರರು ಬೇಡ, ಕೋಟಿಗಟ್ಟಲೆ ಕಾಂಕ್ರೀಟೂ ಬೇಡ. ಇದು ಕೈಗೂಡಿದರೆ ಹೊರಗಿನವರು ಬರುತ್ತಾರೆ ಎಂಬ ನಂಬಿಕೆ ನನಗಿದೆ. ಅವರು ಬರಲು ತಡವಾದರೂ ಹಾಕಿದ ಹಣ ವ್ಯರ್ಥವಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಶಾಲೆ ಬಿಡದ ಹುಡುಗಿಯರು, ನೆರಳಿರುವ ಹೊಲದ ದಾರಿ, ತಮ್ಮ ಕಲ್ಲುಗಳನ್ನು ತಾವೇ ಕಾಯುವ ಊರುಗಳು ಜಿಲ್ಲೆಗೆ ದಕ್ಕಿರುತ್ತವೆ. ತನ್ನ ಮಕ್ಕಳಿಗೇ ತೋರಿಸದ ಚರಿತ್ರೆಯನ್ನು ಯಾವ ಜಿಲ್ಲೆಯೂ ಪರವೂರಿನವರಿಗೆ ತೋರಿಸಿ ಗೌರವ ಪಡೆಯಲಾರದು. ಯಾದಗಿರಿ ಆ ಕೆಲಸವನ್ನು ತನ್ನ ಎಂಟನೇ ತರಗತಿಯ ಮಕ್ಕಳಿಂದಲೇ ಆರಂಭಿಸಲಿ, ಮತ್ತು ಈ ವರ್ಷವೇ ಆರಂಭಿಸಲಿ.